ದುಡಿದ ನಗೆ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಂದಾದ ಮೇಲೊಂದು ಓದುತ್ತ ಹೋದರೆ, ಒಂದು ದೊಡ್ಡ ಊರಿನ ಕಸುಬುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದಂತೆ ಕಾಣುತ್ತದೆ. ಬಟ್ಟೆ ಮಡಿ ಮಾಡುವ ಮಾಚಿದೇವ, ದೋಣಿ ಹಾಯಿಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆಯ ಹೊರೆ ಮಾರುವ ಮೋಳಿಗೆಯ ಮಾರಯ್ಯ, ಚೆಲ್ಲಿದ ಅಕ್ಕಿ ಆಯ್ದು ತರುವ ಆಯ್ದಕ್ಕಿ ಮಾರಯ್ಯ. ಇವರ ನಡುವೆ ನಗೆಯ ಮಾರಿತಂದೆ ಎಂಬೊಬ್ಬನಿದ್ದಾನೆ. ಜನರನ್ನು ನಗಿಸುವುದು ಅವನ ಕಾಯಕ. ವೇಷ ಹಾಕಿ ಆಡಿ ತೋರಿಸುವ ಬಹುರೂಪಿ ಚೌಡಯ್ಯನೂ ಅದೇ ಸಾಲಿನಲ್ಲಿದ್ದಾನೆ.

ಮಾರಿತಂದೆಯ ಹೆಸರಿನಲ್ಲಿ ನೂರರಷ್ಟು ವಚನಗಳು ಸಿಕ್ಕಿವೆ. ನಗೆಚಾಟಿಕೆ ಹುಡುಕಿಕೊಂಡು ಹೋದವರಿಗೆ ಅವು ನಿರಾಸೆ ಮಾಡುತ್ತವೆ. ಹೆಚ್ಚಿನವು ತತ್ತ್ವದ ಮಾತುಗಳೇ. ಅವನು ಬೀದಿಯಲ್ಲಿ ನಿಂತು ಏನು ಹೇಳಿ ನಗಿಸುತ್ತಿದ್ದನೋ ಅದು ಆ ಹೊತ್ತಿನ ಜನರ ಜೊತೆಗೇ ಹೋಯಿತು. ಉಳಿದದ್ದು ಇಷ್ಟು: ನಗಿಸುವವನೂ ದುಡಿಯುವವನೇ, ಅವನ ದುಡಿಮೆಯೂ ಪೂಜೆಗೆ ಸಲ್ಲುತ್ತದೆ ಎಂದು ಒಂದು ಕಾಲದ ಕನ್ನಡದ ಜನ ಒಪ್ಪಿದ್ದರು. ಬಟ್ಟೆ ಒಗೆಯುವುದೂ ಹಗ್ಗ ಹೊಸೆಯುವುದೂ ಪೂಜೆಯಾಗಬಹುದಾದರೆ ನಗಿಸುವುದು ಏಕಾಗಬಾರದು ಎಂದು ಅವರು ಕೇಳಿಕೊಂಡಿರಬೇಕು. ಸುಲಭವಾಗಿ ಕಾಣುವ ಈ ಪ್ರಶ್ನೆ ಒಳಹೊಕ್ಕರೆ ಸುಲಭದ್ದಲ್ಲ.

ಇವತ್ತು ಈ ಪ್ರಶ್ನೆ ಮತ್ತೆ ಎದುರಾಗಿರುವುದು ಕ್ರೈಸ್ತ ಸಭೆಗಳ ಅಂಗಳದಲ್ಲಿ. ಮಿನಿಸ್ಟ್ರಿ ಎನ್ನುವುದನ್ನು ಕನ್ನಡದ ಕ್ರೈಸ್ತರು 'ಸೇವೆ' ಎನ್ನುತ್ತಾರೆ. ಹಾಡಿನ ಸೇವೆ, ರೋಗಿಗಳ ಸೇವೆ, ಸಂಡೇ ಸ್ಕೂಲಿನ ಸೇವೆ ಇರುವಂತೆ ಈಗ ನಾಟಕದ ಸೇವೆಯೂ ಇದೆ. ಕ್ರಿಸ್‌ಮಸ್ಸಿಗೆ ಮಕ್ಕಳ ನಾಟಕ, ಈಸ್ಟರಿಗೆ ದೊಡ್ಡವರ ನಾಟಕ, ಯುವಜನರ ಕೂಟದಲ್ಲಿ ಪ್ರಸಂಗಕ್ಕೆ ಮೊದಲು ಹತ್ತು ನಿಮಿಷದ ನಗೆ ಸ್ಕಿಟ್. ಜನರನ್ನು ನಗಿಸಿ, ಅವರ ಮೈ ಸಡಿಲಾದ ಮೇಲೆ ದೇವರ ಮಾತು ಹೇಳುವುದು ಇದರ ಕ್ರಮ. ಇದರಲ್ಲಿ ತಪ್ಪೇನಿದೆ? ಮೇಲುನೋಟಕ್ಕೆ ಏನೂ ಇಲ್ಲ. ಆದರೂ ಕೆಲವರು ಗುಡಿಯ, ಚರ್ಚಿನ ಒಳಗೆ ನಗೆಯಾಟ ಸಲ್ಲದು ಎನ್ನುತ್ತಾರೆ. ಇನ್ನು ಕೆಲವರು ಹೊರಗಿನಿಂದ ನೋಡಿ, ಇದು ಜನರನ್ನು ಸೆಳೆಯುವ ಬಲೆ ಎನ್ನುತ್ತಾರೆ. ಮೊದಲನೆಯವರಿಗೆ ದೇವರು ಹಗುರಾಗುವ ಭಯ, ಎರಡನೆಯವರಿಗೆ ಮನುಷ್ಯ ಮೋಸಹೋಗುವ ಭಯ. ಎರಡೂ ಭಯಗಳನ್ನು ಗಂಭೀರವಾಗಿ ತೆಗೆದುಕೊಂಡೇ ಯೋಚಿಸಬೇಕು.

ನಮ್ಮ ಸೂಳೆಕೆರೆಯ ಸೀಮೆಯಲ್ಲಿ ನಿಂತು ನೋಡಿದರೆ ಧರ್ಮ ರಂಗಮಂಚ ಹತ್ತುವುದು ಹೊಸ ಸಂಗತಿಯಲ್ಲ. ನೆರೆಯ ಸಿರಿಗೆರೆಯ ತರಳಬಾಳು ಮಠದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ತಾವೇ ನಾಟಕ ಬರೆದವರು. ಶರಣರ ಬದುಕನ್ನು ಜನಕ್ಕೆ ಮುಟ್ಟಿಸಲು ಪ್ರವಚನದಷ್ಟೇ ನಾಟಕವೂ ಬೇಕೆಂದು ನಂಬಿದವರು. ಅದೇ ಪರಂಪರೆಯ ಕವಲಾಗಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಲಾಸಂಘ ಕಟ್ಟಿದರು, ಬಯಲು ರಂಗಮಂದಿರ ಕಟ್ಟಿಸಿದರು. 1997ರಲ್ಲಿ ಆರಂಭವಾದ ಅಲ್ಲಿನ 'ಶಿವಸಂಚಾರ' ತಂಡ ಪ್ರತಿವರ್ಷ ಮೂರು ನಾಟಕಗಳನ್ನು ಹೊತ್ತು ಊರೂರು ತಿರುಗುತ್ತದೆ. 2019ರ ಆಗಸ್ಟಿನಲ್ಲಿ 'ಮತ್ತೆ ಕಲ್ಯಾಣ' ಎಂಬ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆದ ಕಾರ್ಯಕ್ರಮದ ಕ್ರಮವನ್ನು ಗಮನಿಸಿ: ಮೊದಲು ವಿದ್ಯಾರ್ಥಿಗಳ ಜೊತೆ ಸಂವಾದ, ಸಂಜೆ ಬಹಿರಂಗ ಸಭೆ, ಕೊನೆಗೆ 'ಮೋಳಿಗೆ ಮಾರಯ್ಯ' ನಾಟಕ. ಅಂದರೆ ಪ್ರಶ್ನೆ ಮೊದಲು, ನಾಟಕ ಆಮೇಲೆ. ಯುವಜನರ ಕೂಟದ ಸ್ಕಿಟ್ಟಿನಲ್ಲಿ ನಾಟಕ ಮೊದಲು, ಉಪದೇಶ ಆಮೇಲೆ, ಪ್ರಶ್ನೆ ಕೇಳಲು ಬಹುಪಾಲು ಜಾಗವೇ ಇರುವುದಿಲ್ಲ. ಈ ವ್ಯತ್ಯಾಸಕ್ಕೆ ಮುಂದೆ ಬರುತ್ತೇನೆ.

ಕನ್ನಡದ ಕ್ರೈಸ್ತರ ನಡುವೆಯೂ ನಾಟಕ ಇತ್ತೀಚೆಗೆ ಆಮದಾದ ಸರಕಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಯೇಸುವಿನ ಬದುಕು ಮತ್ತು ಮರಣದ ಕತೆಯನ್ನು 'ಮಹಿಮಾ ಪಾಸ್ಕು' ಎಂಬ ನಾಟಕವಾಗಿ ಆಡಿಕೊಂಡು ಬಂದಿದ್ದಾರೆ. ಆಡುವವರು ಊರಿನವರೇ. ಹೊಲದಲ್ಲಿ ದುಡಿಯುವವರೇ ಅಲ್ಲಿ ಶಿಷ್ಯರಾಗುತ್ತಾರೆ, ಸೈನಿಕರಾಗುತ್ತಾರೆ. ಅದಕ್ಕೂ ಹಿಂದೆ, ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಬಾಸೆಲ್ ಮಿಶನ್ನಿನ ಕಿಟೆಲ್ ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೆ ಹೊಂದಿಸಿ 1862ರಲ್ಲಿ 'ಕಥಾಮಾಲೆ' ಬರೆದಿದ್ದರು. ಹೊರಗಿನಿಂದ ಬಂದ ಕತೆ ಇಲ್ಲಿ ನೆಲೆಯಾಗಬೇಕಾದರೆ ಇಲ್ಲಿನ ಲಯ ಹಿಡಿಯಬೇಕು ಎಂಬುದು ಅವರಿಗೆ ತಿಳಿದಿತ್ತು.

ಹಾಗಿದ್ದರೂ ನಾಟಕವನ್ನು, ಅದರಲ್ಲೂ ನಗೆಯನ್ನು, ಧರ್ಮ ಯಾವತ್ತೂ ಪೂರ್ತಿ ನಂಬಿದ್ದಿಲ್ಲ. ಕ್ರಿಸ್ತಶಕ 200ರ ಸುಮಾರಿಗೆ ಉತ್ತರ ಆಫ್ರಿಕದ ತೆರ್ತುಲಿಯನ್, ಕ್ರೈಸ್ತರು ಆಟನೋಟಗಳಿಗೆ ಹೋಗಬಾರದೆಂದು ಒಂದು ಗ್ರಂಥವನ್ನೇ ಬರೆದ. ನಾಲ್ಕನೆಯ ಶತಮಾನದ ಕ್ರಿಸೊಸ್ತೊಮ್, ಸುವಾರ್ತೆಗಳಲ್ಲಿ ಯೇಸು ಅತ್ತದ್ದು ಇದೆ, ನಕ್ಕದ್ದು ಎಲ್ಲಿಯೂ ಇಲ್ಲ ಎಂದು ವಾದಿಸಿದ. ಇದು ಕ್ರೈಸ್ತರ ಬಿಗುಮಾನ ಮಾತ್ರ ಎಂದುಕೊಳ್ಳಬೇಡಿ. ನಮ್ಮ ನಾಟ್ಯಶಾಸ್ತ್ರದ ಕೊನೆಯಲ್ಲಿಯೂ ಇಂಥದೇ ಒಂದು ಕತೆ ಬರುತ್ತದೆ. ಭರತನ ಮಕ್ಕಳು ವಿದ್ಯೆ ತಲೆಗೇರಿ ಋಷಿಗಳನ್ನು ಅಣಕಿಸುವ ಪ್ರಹಸನ ಆಡಿದರು. ಋಷಿಗಳು ಸಿಟ್ಟಾಗಿ, ನೀವು ಶೂದ್ರರಾಗಿ ಎಂದು ಶಪಿಸಿದರು. ಆಮೇಲೆ ನಹುಷನ ಕೋರಿಕೆಯಂತೆ ಅವರು ಭೂಮಿಗೆ ಬಂದು ನಾಟಕ ಆಡಿದರು. ಶಾಪದ ಭಾಷೆಯಲ್ಲಿರುವ ಜಾತಿಯ ದರ್ಪ ಯಾರಿಗೂ ಕಾಣುವಂಥದ್ದೇ. ಅದರ ಜೊತೆಗೆ ಇನ್ನೊಂದು ಮಾತನ್ನೂ ಈ ಕತೆ ಒಪ್ಪಿಕೊಳ್ಳುತ್ತದೆ. ನಾಟಕ ನೆಲಕ್ಕೆ ಇಳಿದದ್ದು, ದೊಡ್ಡವರನ್ನು ನೋಡಿ ನಕ್ಕ ತಪ್ಪಿಗೆ.

ಹಾಗಾದರೆ ನಗೆಯಲ್ಲಿ ಅಂಥ ಅಪಾಯ ಏನಿದೆ? ನನಗೆ ತೋಚುವುದು ಹೀಗೆ. ಒಂದು ವಾದವನ್ನು ಕೇಳಿದಾಗ ನಾವು ತೂಗಿ ನೋಡುತ್ತೇವೆ, ಒಪ್ಪಬಹುದು, ಬಿಡಬಹುದು. ನಗೆಯಲ್ಲಿ ಈ ತೂಗುವ ಬಿಡುವಿಲ್ಲ. ನಕ್ಕಾದ ಮೇಲೆ ನಾವು ಯಾಕೆ ನಕ್ಕೆವೆಂದು ಯೋಚಿಸುತ್ತೇವೆ, ಯೋಚಿಸಿದರೆ. ಒಬ್ಬನ ನಡಿಗೆಯನ್ನು ಅಣಕಿಸಿ ತೋರಿಸಿದಾಗ ನಕ್ಕೆವೆಂದರೆ, ಅವನ ನಡಿಗೆ ನಗೆಪಾಟಲು ಎಂಬ ಮಾತಿಗೆ ನಮ್ಮ ಹೊಟ್ಟೆ ಆಗಲೇ ಸಹಿ ಹಾಕಿಬಿಟ್ಟಿರುತ್ತದೆ. ಬುದ್ಧಿ ಆಮೇಲೆ ಬಂದು ಕಾಗದ ಓದುತ್ತದೆ. ಜೊತೆಗೆ ನಗೆ ಒಂಟಿಯಾಗಿ ಬರುವುದಿಲ್ಲ. ಪಕ್ಕದವರು ನಕ್ಕರೆ ನಾವೂ ನಗುತ್ತೇವೆ, ನಗದಿದ್ದವನು ಗುಂಪಿನಿಂದ ಹೊರಗಾಗುತ್ತಾನೆ. ಹೀಗೆ ಯೋಚನೆಗಿಂತ ಮೊದಲೇ ಒಪ್ಪಿಗೆ ಪಡೆಯುವ, ಗುಂಪು ಕಟ್ಟುವ ಈ ಶಕ್ತಿಯನ್ನು ದೇವರ ಹೆಸರಿನಲ್ಲಿ ಬಳಸಬಹುದೇ?

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಈಗ ಒಂದು ಕಾನೂನಿನ ಅಂಚೂ ಇದೆ. 2022ರ ಮತಾಂತರ ಸಂಬಂಧದ ಕಾಯ್ದೆ ಬಲವಂತ, ವಂಚನೆಗಳ ಜೊತೆ 'ಆಮಿಷ'ವನ್ನೂ ಹೆಸರಿಸುತ್ತದೆ. ಹಣ, ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಮಾತು ಮುಂತಾದವು ಅದರ ವ್ಯಾಖ್ಯೆಯೊಳಗೆ ಬರುತ್ತವೆ. ನಗೆ ಆ ಪಟ್ಟಿಯಲ್ಲಿಲ್ಲ. ಇರಬೇಕೆಂದು ನಾನು ಹೇಳುತ್ತಲೂ ಇಲ್ಲ. ಮನುಷ್ಯನೊಬ್ಬ ಇನ್ನೊಬ್ಬನನ್ನು ನಗಿಸುವುದನ್ನು ಪೊಲೀಸರು ಅಳೆಯುವ ಕಾಲ ಬರದಿರಲಿ. ಆದರೆ ಕಾನೂನು ಕೇಳಬಾರದ ಪ್ರಶ್ನೆಯನ್ನು ನಂಬಿಕೆಯುಳ್ಳವನು ತನಗೆ ತಾನೇ ಕೇಳಿಕೊಳ್ಳಬಹುದು. ನಾನು ಇವರನ್ನು ನಗಿಸುತ್ತಿರುವುದು ಇವರ ಜೊತೆ ಇರಲಿಕ್ಕೋ, ಇವರನ್ನು ಎಲ್ಲಿಗೋ ಒಯ್ಯಲಿಕ್ಕೋ?

ಸಾಮಾನ್ಯವಾಗಿ ಕೊಡುವ ಉತ್ತರ ಬೆಲ್ಲ ಮತ್ತು ಗುಳಿಗೆಯದು. ಉಪದೇಶ ಕಹಿ, ನಗೆ ಬೆಲ್ಲ. ಬೆಲ್ಲದಲ್ಲಿಟ್ಟು ಕೊಟ್ಟರೆ ರೋಗಿಗೆ ಒಳ್ಳೆಯದೇ ಅಲ್ಲವೇ ಎನ್ನುತ್ತಾರೆ. ಈ ಉತ್ತರ ನಗೆಗೂ ಅವಮಾನ, ಉಪದೇಶಕ್ಕೂ ಅವಮಾನ. ಗುಳಿಗೆ ಒಳಗೆ ಹೋದ ಮೇಲೆ ಬೆಲ್ಲ ಯಾರಿಗೂ ಬೇಡ. ಹಾಗೆಯೇ ಪ್ರಸಂಗ ಆರಂಭವಾದ ಮೇಲೆ ನಗಿಸಿದ ಹುಡುಗ ಬೆಂಚಿನ ಮೂಲೆಗೆ ಹೋಗಿ ಕೂರುತ್ತಾನೆ. ಕೇಳುಗರನ್ನಂತೂ ಮದ್ದು ಕುಡಿಯಲೊಲ್ಲದ ಮಕ್ಕಳೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ.

ಕಾಯಕದ ಉತ್ತರ ಬೇರೆ. ಕಾಯಕದಲ್ಲಿ ಕೆಲಸ ಇನ್ನೊಂದಕ್ಕೆ ಏಣಿಯಲ್ಲ, ಕೆಲಸವೇ ಪೂಜೆ. ಚಂದಯ್ಯ ಹಗ್ಗ ಹೊಸೆದು, ಅದನ್ನು ತೋರಿಸಿ ಜನ ಸೇರಿಸಿ, ಆಮೇಲೆ ಶಿವನ ಮಾತು ಹೇಳಲಿಲ್ಲ. ಹಗ್ಗ ಗಟ್ಟಿಯಾಗಿರಬೇಕಿತ್ತು, ಅಷ್ಟೆ. ಕರಾವಳಿಯ ಹರಕೆಯಾಟಗಳಲ್ಲಿ ಈ ಭಾವ ಇಂದಿಗೂ ಜೀವಂತವಾಗಿದೆ. ಕಟೀಲು, ಧರ್ಮಸ್ಥಳಗಳಂಥ ಕ್ಷೇತ್ರಗಳ ಮೇಳಗಳಿಂದ ಭಕ್ತರು ಹರಕೆ ಹೇಳಿಕೊಂಡು ಆಟ ಆಡಿಸುತ್ತಾರೆ. ಆ ರಾತ್ರಿ ಹಾಸ್ಯಗಾರ ಬಂದು ದೂತನಾಗಿ, ಹಳ್ಳಿಗನಾಗಿ, ಬ್ರಾಹ್ಮಣನಾಗಿ ನಗಿಸುತ್ತಾನೆ. ಅವನ ನಗೆಯಿಂದ ಯಾವ ಸಂದೇಶ ಬಂತು ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಆಟ ಇಡಿಯಾಗಿ ದೇವರಿಗೆ ಸಂದಿತು; ಅದರೊಳಗಿನ ನಗೆಯೂ ಸಂದಿತು.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲ ನಗೆಯೂ ಪೂಜೆ ಎಂದಾಗಿಬಿಡುತ್ತದೆ. ಅದು ನಿಜವಲ್ಲ. ಕಾಯಕಕ್ಕೆ ಒಂದು ಕಟ್ಟುಪಾಡೂ ಇದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಕತೆ ನಿಮಗೆ ಗೊತ್ತಿರುತ್ತದೆ. ಹೆಂಡತಿ ಲಕ್ಕಮ್ಮ ಅದನ್ನು ಕಂಡು ಸಂತೋಷಪಡಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದಳು. ಅಕ್ಕಿ ಕದ್ದದ್ದಾಗಿರಲಿಲ್ಲ. ಆದರೂ ಅದು ದುಡಿಮೆಯ ಅಳತೆ ಮೀರಿತ್ತು. ಇನ್ನೊಬ್ಬರ ಪಾಲು ಅದರಲ್ಲಿ ಸೇರಿಕೊಂಡಿತ್ತು.

ನಗೆಯಲ್ಲಿಯೂ ಹೀಗೆ ಹೆಚ್ಚಿನ ಅಕ್ಕಿ ಇರುತ್ತದೆ ಎಂಬುದೇ ನನ್ನ ವಾದ. ಒಂದು ನಗೆಯನ್ನು ನಟ ದುಡಿದು ಪಡೆದಿರುತ್ತಾನೆ: ಮನುಷ್ಯರನ್ನು ಹತ್ತಿರದಿಂದ ನೋಡಿ, ಮಾತಿನ ಹೊತ್ತು ಹಿಡಿದು, ತನ್ನನ್ನೂ ಅದರಲ್ಲಿ ಸೇರಿಸಿಕೊಂಡು. ಇನ್ನೊಂದು ನಗೆಯನ್ನು ಅವನು ಯಾರದೋ ಅಂಗಳದಿಂದ ಬಾಚಿಕೊಂಡು ಬಂದಿರುತ್ತಾನೆ. ತೊದಲುವವನೊಬ್ಬ ವೇದಿಕೆಗೆ ಬಂದರೆ ಸಾಕು, ನಗೆ ಸಿಗುತ್ತದೆ. ಕುಳ್ಳ, ಕಪ್ಪು ಹೆಂಡತಿ, ಗಂಡಸು ಹಾಕಿದ ಹೆಣ್ಣುವೇಷ, ಇಂಗ್ಲಿಷ್ ಬಾರದ ಹಳ್ಳಿಯವನು, ತೂರಾಡುವ ಕುಡುಕ. ಇವರನ್ನು ನಿಲ್ಲಿಸಿ ನಗಿಸಲು ಏನೂ ದುಡಿಯಬೇಕಾಗಿಲ್ಲ. ಸಮಾಜ ಆಗಲೇ ಅವರನ್ನು ನೋಡಿ ನಕ್ಕು ಅಭ್ಯಾಸ ಮಾಡಿಕೊಂಡಿದೆ. ನಮ್ಮ ದಾವಣಗೆರೆಯ ಕಡೆ ಕಂಪನಿ ನಾಟಕಗಳನ್ನು ಕಂಡವರಿಗೆ ಈ ಎರಡೂ ಬಗೆಯ ನಗೆ ಗೊತ್ತು. ಒಂದೇ ನಾಟಕದಲ್ಲಿ, ಒಮ್ಮೊಮ್ಮೆ ಒಬ್ಬನೇ ನಟನಲ್ಲಿ, ಎರಡೂ ಇರುತ್ತವೆ. ಕಂಪನಿಗೆ ಗಲ್ಲಾಪೆಟ್ಟಿಗೆಯ ಕಷ್ಟವಿತ್ತು ಎಂದಾದರೂ ಹೇಳಬಹುದು. ದೇವರ ಸೇವೆಗೆಂದು ಆಡುವ ಸ್ಕಿಟ್ಟಿನಲ್ಲಿ ಕುಡುಕನ ಹೆಂಡತಿಯ ಅಳುವನ್ನು ಅಣಕಿಸಿ ನಗಿಸಿದರೆ ಅದಕ್ಕೆ ಏನು ಹೇಳುವುದು? ಆ ಸಭೆಯ ಹಿಂದಿನ ಸಾಲಿನಲ್ಲಿ ಅಂಥ ಹೆಂಡತಿಯೊಬ್ಬಳು ಕೂತಿರುತ್ತಾಳೆ. ಅವಳು ಅಲ್ಲಿಗೆ ಬಂದದ್ದು ಅಳುವನ್ನು ಇಳಿಸಿಕೊಳ್ಳಲು.

ಸುವಾರ್ತೆಗಳನ್ನು ಈ ದೃಷ್ಟಿಯಿಂದ ಓದಿದರೆ ಅಲ್ಲಿಯೂ ಎರಡು ನಗೆಗಳು ಕಾಣುತ್ತವೆ. ಯೇಸು ನಕ್ಕ ಉಲ್ಲೇಖವಿಲ್ಲ, ನಿಜ. ಆದರೆ ನಗಿಸಿರಬೇಕು. ಕುಡಿಯುವ ನೀರಿನಿಂದ ಸೊಳ್ಳೆಯನ್ನು ಜೋಪಾನವಾಗಿ ಸೋಸಿ ತೆಗೆದು ಆಮೇಲೆ ಒಂಟೆಯನ್ನೇ ನುಂಗುವವರು, ತನ್ನ ಕಣ್ಣಿನಲ್ಲಿ ತೊಲೆ ಇಟ್ಟುಕೊಂಡು ಇನ್ನೊಬ್ಬನ ಕಣ್ಣಿನ ಧೂಳು ತೆಗೆಯಲು ಹೊರಟವನು, ಸೂಜಿಯ ಕಣ್ಣಿನಲ್ಲಿ ತೂರಲು ನೋಡುವ ಒಂಟೆ. ಬಡಗಿಯ ಮನೆಯಲ್ಲಿ ಬೆಳೆದವನು ತೊಲೆಯ ಮಾತನ್ನು ಹೇಳುವಾಗ ಎದುರು ಕೂತ ಬೆಸ್ತರು, ಕೂಲಿಗಳು ಗಂಭೀರವಾಗಿ ತಲೆಯಾಡಿಸುತ್ತ ಕೂತಿದ್ದರೆಂದು ನಂಬಲು ನನಗಾಗದು. ಆ ನಗೆ ಹೆಚ್ಚಾಗಿ ಯಾರ ಮೇಲೆ? ಶಾಸ್ತ್ರ ಬಲ್ಲವರ ಮೇಲೆ, ಹಣವಂತರ ಮೇಲೆ, ಇನ್ನೊಬ್ಬರ ತಪ್ಪು ಎಣಿಸುವ ಭಕ್ತರ ಮೇಲೆ. ಅಂದರೆ ಧರ್ಮದ ಗುತ್ತಿಗೆ ಹಿಡಿದವರ ಮೇಲೆ.

ಇನ್ನೊಂದು ನಗೆ ಅವನ ಮರಣದ ದಿನದ್ದು. ಸೈನಿಕರು ಅವನಿಗೆ ಅರಸನ ಬಣ್ಣದ ನಿಲುವಂಗಿ ತೊಡಿಸುತ್ತಾರೆ, ಮುಳ್ಳಿನ ಕಿರೀಟ ಇಡುತ್ತಾರೆ, ರಾಜದಂಡವೆಂದು ಕೈಗೆ ಕೋಲು ಕೊಡುತ್ತಾರೆ, ಮಂಡಿಯೂರಿ ನಮಸ್ಕರಿಸುತ್ತಾರೆ. ಇದು ವೇಷಭೂಷಣ, ಪರಿಕರ, ಅಭಿನಯ ಎಲ್ಲವೂ ಇರುವ ಒಂದು ಪ್ರಹಸನ. ಆಡುವವರಿಗೆ ಭಾರೀ ನಗೆ ಬಂದಿರಬೇಕು. ಕೈಕಟ್ಟಿಸಿಕೊಂಡು ನಿಂತವನಿಂದ ಕಿತ್ತುಕೊಂಡ ನಗೆ ಅದು. ಹಾರೋಬೆಲೆಯಂಥ ಊರುಗಳಲ್ಲಿ ಪಾಸ್ಕು ನಾಟಕ ನೋಡುವ ಜನ ವರ್ಷವರ್ಷವೂ ಈ ಪ್ರಹಸನವನ್ನು ನಾಟಕದೊಳಗಿನ ನಾಟಕವಾಗಿ ನೋಡುತ್ತಾರೆ. ಅಣಕಿಸುವವರ ಕಡೆಯಿಂದಲ್ಲ, ಅಣಕಕ್ಕೆ ಗುರಿಯಾದವನ ಕಡೆಯಿಂದ ನೋಡುತ್ತಾರೆ. ಕ್ರೈಸ್ತ ಧರ್ಮದ ನಡುಗಂಬದಂತಿರುವ ಕತೆಯಲ್ಲೇ, ಬಾಚಿ ತಂದ ನಗೆ ಎಂಥದೆಂದು ತೋರಿಸುವ ದೃಶ್ಯವಿದೆ. ಅದನ್ನು ನೋಡಿದ ಸಭೆ ತನ್ನ ಸ್ಕಿಟ್ಟಿನಲ್ಲಿ ಯಾರಿಗೆ ಮುಳ್ಳಿನ ಕಿರೀಟ ಇಡುತ್ತಿದ್ದೇವೆಂದು ಕೇಳಿಕೊಳ್ಳದಿದ್ದರೆ ನಾಟಕ ನೋಡಿಯೂ ನೋಡದಂತೆ.

ಕೇಳಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಬಗೆಯ ಜಗತ್ಪ್ರಸಿದ್ಧ ನಾಟಕವೊಂದು ಸಾಕ್ಷಿ. ಜರ್ಮನಿಯ ಓಬರಮ್ಮರ್‌ಗೌ ಎಂಬ ಹಳ್ಳಿಯವರು 1633ರಲ್ಲಿ ಪ್ಲೇಗಿನ ಭಯದಲ್ಲಿ ಹರಕೆ ಹೊತ್ತು, 1634ರಲ್ಲಿ ಮೊದಲ ಬಾರಿಗೆ ಯೇಸುವಿನ ಮರಣದ ನಾಟಕ ಆಡಿದರು. ಅಂದಿನಿಂದ ಆಡುತ್ತಲೇ ಬಂದಿದ್ದಾರೆ. ಈಗ ಹತ್ತು ವರ್ಷಕ್ಕೊಮ್ಮೆ. ಹರಕೆ ನಿಜವಾದದ್ದು, ಭಕ್ತಿ ನಿಜವಾದದ್ದು. ಆದರೆ ಆ ನಾಟಕದ ಯೆಹೂದಿಗಳು ತಲೆಮಾರುಗಳ ಕಾಲ ದುರಾಸೆಯ, ಹಗೆಯ ಮುಖವಾಡಗಳಾಗಿಯೇ ಉಳಿದರು. ಮುನ್ನೂರನೆಯ ವರ್ಷದ ವಿಶೇಷ ಪ್ರದರ್ಶನವನ್ನು 1934ರಲ್ಲಿ ಹಿಟ್ಲರ್ ನೋಡಿದ, ಮುಂದೆ ಅದನ್ನು ಹೊಗಳಿದ. 1965ರಲ್ಲಿ ಕಥೋಲಿಕ ಸಭೆ ಯೇಸುವಿನ ಸಾವಿನ ಹೊಣೆಯನ್ನು ಯೆಹೂದಿ ಜನಾಂಗದ ಮೇಲೆ ಹೊರಿಸುವಂತಿಲ್ಲ ಎಂದು ಘೋಷಿಸಿತು. 1990ರಿಂದ ನಿರ್ದೇಶಿಸುತ್ತಿರುವ ಕ್ರಿಸ್ಟಿಯಾನ್ ಷ್ಟ್ಯೂಕ್ಲ್ ಪಠ್ಯವನ್ನು ಮತ್ತೆ ಮತ್ತೆ ತಿದ್ದಿದರು. ಹರಕೆ ಮುರಿಯಲಿಲ್ಲ. ಹೆಚ್ಚಿನ ಅಕ್ಕಿಯನ್ನು ತಿರುಗಿ ಕೊಟ್ಟರು, ತಡವಾಗಿ.

ಇದಕ್ಕೆ ಎದುರಾಗಿ ದುಡಿದ ನಗೆಯ ಉದಾಹರಣೆಯೊಂದನ್ನು ಕೊಡಬೇಕು. ಇಂಗ್ಲೆಂಡಿನ ವೇಕ್‌ಫೀಲ್ಡಿನದೆಂದು ಹೇಳುವ, ಹದಿನೈದನೆಯ ಶತಮಾನದ ಕುರಿಗಾಹಿಗಳ ನಾಟಕವೊಂದಿದೆ. ಜಗಳೂರಿನ ಕಡೆಯ ಕುರಿಗಾರರಿಗೆ ಹೇಳಿದರೆ ನಮ್ಮೂರಿನ ಕತೆಯೇ ಎಂದಾರು. ಚಳಿಯಲ್ಲಿ ಕುರಿ ಕಾಯುವ ಮೂವರು ಜಮೀನುದಾರರ ಕಾಟವನ್ನು ಬೈಯುತ್ತ ಕೂತಿರುತ್ತಾರೆ. ಮ್ಯಾಕ್ ಎಂಬ ಕಳ್ಳ ಅವರು ಮಲಗಿದಾಗ ಒಂದು ಕುರಿ ಹೊತ್ತು ಮನೆಗೆ ಒಯ್ಯುತ್ತಾನೆ. ಹುಡುಕಿಕೊಂಡು ಬಂದರೆ ಏನು ಗತಿ? ಅವನ ಹೆಂಡತಿ ಕುರಿಯನ್ನು ತೊಟ್ಟಿಲಲ್ಲಿ ಮಲಗಿಸಿ, ಬಟ್ಟೆ ಸುತ್ತಿ, ಈಗ ತಾನೇ ಹೆತ್ತವಳಂತೆ ನರಳುತ್ತ ಮಲಗುತ್ತಾಳೆ. ಕುರಿಗಾಹಿಗಳು ಮನೆಯೆಲ್ಲ ಹುಡುಕಿ ಏನೂ ಸಿಗದೆ ಹೊರಡುತ್ತಾರೆ. ಅಷ್ಟರಲ್ಲಿ ಅವರಿಗೆ ನಾಚಿಕೆಯಾಗುತ್ತದೆ. ಹಸುಗೂಸಿನ ಮನೆಗೆ ಬಂದು ಕೈಗೆ ಏನೂ ಇಡದೆ ಹೋಗುವುದೇ? ಒಂದು ಕಾಸು ಕೊಟ್ಟು ಮುತ್ತಿಡಲೆಂದು ತಿರುಗಿ ಬಂದು ಬಟ್ಟೆ ಸರಿಸಿದರೆ ಉದ್ದ ಮೂತಿಯ ಮಗು! ಅಂದಿನ ಕಾನೂನಿನಲ್ಲಿ ಕುರಿ ಕದ್ದವನಿಗೆ ಮರಣದಂಡನೆಯಾಗಬಹುದಿತ್ತು. ಇವರು ಅವನನ್ನು ಒಂದು ಕಂಬಳಿಯಲ್ಲಿ ಹಾಕಿ ಮೇಲಕ್ಕೆ ಎಸೆದೆಸೆದು ಬಿಟ್ಟುಬಿಡುತ್ತಾರೆ. ಆಗ ದೇವದೂತನ ಹಾಡು ಕೇಳಿಸುತ್ತದೆ. ಅದೇ ಮೂವರು ಬೆತ್ಲೆಹೇಮಿಗೆ ಹೋಗಿ ಇನ್ನೊಂದು ತೊಟ್ಟಿಲಿನ ಮುಂದೆ ಮಂಡಿಯೂರುತ್ತಾರೆ.

ಇಲ್ಲಿ ನಗೆ ಬೆಲ್ಲವಲ್ಲ. ಕಳ್ಳತನ ಬಯಲಾದದ್ದು ಕುರಿಗಾಹಿಗಳ ಜಾಣತನದಿಂದಲ್ಲ, ಮಗುವಿಗೆ ಕಾಸು ಕೊಡಬೇಕೆಂಬ ಒಳ್ಳೆಯತನದಿಂದ. ಕ್ಷಮೆ ಎಂದರೇನೆಂದು ಪಾದ್ರಿ ಬಂದು ವಿವರಿಸುವ ಮೊದಲೇ ಕಂಬಳಿಯ ಆಟದಲ್ಲಿ ಅದು ನಡೆದುಹೋಗಿರುತ್ತದೆ. ನಾವು ನಕ್ಕದ್ದು ಯಾರನ್ನು ನೋಡಿಯೋ ಅವರೇ ದೇವರನ್ನು ಮೊದಲು ಕಾಣುತ್ತಾರೆ. ನಾಟಕದಿಂದ ನಗೆಯನ್ನು ತೆಗೆದರೆ ಧರ್ಮವೂ ಹೊರಟುಹೋಗುತ್ತದೆ. ನಗಿಸುವ ಕೆಲಸ ಕಾಯಕವಾಗುವುದು ಎಂದರೆ ಇದು.

ಈ ಹಂತದಲ್ಲಿ ನಮ್ಮ ಕೆರೆಯ ಹೆಸರನ್ನು ನೆನೆಯದೆ ಮುಂದೆ ಹೋಗಲಾಗದು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಈ ಕೆರೆಯ ಐತಿಹ್ಯ ಸೀಮೆಯವರಿಗೆಲ್ಲ ಗೊತ್ತು. ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ನೀರು ನಿಲ್ಲುವ ಜಾಗದಲ್ಲಿ ಸೂಳೆಯರ ಮನೆಗಳಿದ್ದವಂತೆ. ಜಾಗ ಬಿಟ್ಟುಕೊಡುತ್ತೇವೆ, ಕೆರೆಗೆ ನಮ್ಮ ಹೆಸರಿರಲಿ ಎಂದು ಅವರು ಕೇಳಿದರಂತೆ. ಹೀಗೆ ಸೂಳೆಕೆರೆಯಾಯಿತು. ಶಿಷ್ಟರಿಗೆ ಈ ಹೆಸರು ಇರಿಸುಮುರಿಸು. ಅದಕ್ಕೇ ಶಾಂತಿಸಾಗರ ಎಂಬ ಇನ್ನೊಂದು ಹೆಸರು. ಹೊರಗಿನವರಿಗೆ ಊರು ಹೇಳಿದಾಗ ಒಂದು ಸಣ್ಣ ನಗೆ ಬರುವುದನ್ನು ಈ ಕಡೆಯವರೆಲ್ಲ ಕಂಡಿರುತ್ತಾರೆ. ಆ ನಗೆ ಮನೆಮಠ ಬಿಟ್ಟುಕೊಟ್ಟ ಹೆಂಗಸರ ಅಂಗಳದಿಂದ ಬಾಚಿದ್ದು. ಶರಣರ ನಡುವೆ ಸೂಳೆ ಸಂಕವ್ವೆ ಎಂಬವಳಿದ್ದಳು. ಅವಳದೆಂದು ಉಳಿದಿರುವುದು ಒಂದೇ ವಚನ, ಅದರ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆಯಿಲ್ಲದ ದೇವರು! ಜನರ ನಗೆಯನ್ನು ಅವಳು ಎತ್ತಿ ದೇವರ ಹೆಸರಿನಲ್ಲೇ ಇಟ್ಟುಬಿಟ್ಟಳು. ಯೇಸುವೂ ದೇವಾಲಯದಲ್ಲಿ ನಿಂತು ಮಹಾಯಾಜಕರಿಗೆ, ಸೂಳೆಯರು ನಿಮಗಿಂತ ಮೊದಲು ದೇವರ ರಾಜ್ಯಕ್ಕೆ ಹೋಗುತ್ತಾರೆ ಎಂಬರ್ಥದ ಮಾತು ಹೇಳಿದ್ದ. ಅದನ್ನು ಕೇಳಿ ಯಾರು ನಕ್ಕಿರಬಹುದು, ಯಾರು ನಕ್ಕಿರಲಾರರು ಎಂದು ಊಹಿಸಿಕೊಳ್ಳಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮೇಲಿನವರನ್ನು ನೋಡಿ ನಗುವುದು ಸರಿ, ಕೆಳಗಿನವರನ್ನು ನೋಡಿ ನಗುವುದು ತಪ್ಪು ಎಂದು ಗೆರೆ ಎಳೆದರೆ ಮುಗಿಯಿತೇ? ಮುಗಿಯುವುದಿಲ್ಲ. ಮಠವೋ ಚರ್ಚೋ ತನ್ನ ವೇದಿಕೆಯಲ್ಲಿ ಇನ್ನೊಂದು ಧರ್ಮದ ಗುರುವನ್ನು ಅಣಕಿಸಿದರೆ ಅವನು 'ಮೇಲಿನವನು' ನಿಜ, ಆದರೆ ಆ ನಗೆಗೆ ಅಲ್ಲಿ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ಇನ್ನೂ ಸೂಕ್ಷ್ಮವಾದ ಮೋಸವಿದೆ. ವರ್ಷಕ್ಕೊಂದು ದಿನ ಫಾದರ್ ಅಥವಾ ಪಾಸ್ಟರ್ ಮಾತಾಡುವ ಶೈಲಿಯನ್ನು ಹುಡುಗರು ಅಣಕಿಸುತ್ತಾರೆ, ಅವರೂ ಮುಂದಿನ ಕುರ್ಚಿಯಲ್ಲಿ ಕೂತು ಜೋರಾಗಿ ನಗುತ್ತಾರೆ, ಮಾರನೆಯ ದಿನ ಎಲ್ಲ ಮೊದಲಿನಂತೆಯೇ ಇರುತ್ತದೆ. ಕುಕ್ಕರಿನ ಸೀಟಿಯಂತೆ ಒಂದಿಷ್ಟು ಆವಿ ಹೊರಗೆ ಹೋಯಿತು, ಅಷ್ಟೆ. ಸಭೆಯ ಲೆಕ್ಕಪತ್ರ, ಸಮಿತಿಯಲ್ಲಿ ಹೆಂಗಸರಿಗೆ ಇಲ್ಲದ ಜಾಗ, ಒಳಗೊಳಗೇ ಉಳಿದ ಜಾತಿ, ಇವುಗಳ ಹತ್ತಿರ ಆ ಸ್ಕಿಟ್ ಸುಳಿಯುವುದೇ ಇಲ್ಲ. ಇದು ಚರ್ಚಿಗೆ ಮಾತ್ರ ಸಲ್ಲುವ ಮಾತಲ್ಲ. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕ ಪಠ್ಯವಾದಾಗ ಎದ್ದ ವಿರೋಧವನ್ನು ನೆನೆಸಿಕೊಂಡರೆ, ಶರಣರ ಹೆಸರಿನ ರಂಗಭೂಮಿಗೂ ಮುಟ್ಟಬಾರದ ಜಾಗಗಳಿವೆ ಎಂಬುದು ತಿಳಿಯುತ್ತದೆ.

ಆದ್ದರಿಂದ ಮೇಲು ಕೆಳಗಿನ ಗೆರೆಗಿಂತ ಲಕ್ಕಮ್ಮನ ಪ್ರಶ್ನೆಯೇ ಮೇಲೆಂದು ನನಗನ್ನಿಸುತ್ತದೆ: ಇದನ್ನು ಎಲ್ಲಿಂದ ತಂದೆ? ಈ ನಗೆಗೆ ನಾನೇನು ತೆತ್ತೆ? ನಕ್ಕವರು ನನ್ನ ಪೀಠವನ್ನು ನೋಡಿಯೂ ಇದೇ ರೀತಿ ನಗಬಹುದೇ, ನಕ್ಕು ಪ್ರಶ್ನೆ ಕೇಳಬಹುದೇ? ಸಂವಾದವನ್ನು ಮೊದಲಿಟ್ಟು ನಾಟಕವನ್ನು ಆಮೇಲಿಟ್ಟ ಕ್ರಮ ನನಗೆ ಹಿಡಿಸಿದ್ದು ಇದಕ್ಕೇ. ಪ್ರಶ್ನೆ ಕೇಳಿ ಬಂದವನು ನಾಟಕವನ್ನು ಬಲೆಗೆ ಬಿದ್ದ ಮೀನಿನಂತೆ ನೋಡುವುದಿಲ್ಲ. ತೂಗುವ ಕೈಯನ್ನು ಜೊತೆಗೇ ತಂದಿರುತ್ತಾನೆ. ಆಗ ಅವನು ನಕ್ಕರೆ ಆ ನಗೆ ಅವನದೇ ಆಗಿರುತ್ತದೆ, ನಗದಿದ್ದರೆ ಅದೂ ಅವನದೇ.

ದೇವರು ಹಗುರಾಗುತ್ತಾನೆಂಬ ಭಯದವರಿಗೆ ನನ್ನ ಮಾತು ಇಷ್ಟೇ. ತೊಟ್ಟಿಲಲ್ಲಿ ಕುರಿ ಮಲಗಿಸಿದ್ದನ್ನು ಸಹಿಸಿಕೊಂಡ ದೇವರು ನಿಮ್ಮ ಸ್ಕಿಟ್ಟನ್ನೂ ಸಹಿಸಿಯಾನು. ಹಗುರಾಗುವುದು ಹೆಚ್ಚಾಗಿ ನಮ್ಮ ಕುರ್ಚಿಗಳು. ಮನುಷ್ಯ ಮೋಸಹೋಗುತ್ತಾನೆಂಬ ಭಯದವರಿಗೆ ಅಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ಅವರ ಭಯದಲ್ಲಿ ನಿಜವಿದೆ. ನಾಟಕ ಆಡುವವರೇ ಅದನ್ನು ತಮ್ಮೊಳಗೆ ಇಟ್ಟುಕೊಂಡು ಆಡಬೇಕು. ಹರಿಹರದ ಆರೋಗ್ಯ ಮಾತೆಯ ಬಸಿಲಿಕಾದಂಥ ಕಡೆ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ. ಅಂಥ ಅಂಗಳದಲ್ಲಿ ಒಂದು ನಾಟಕ ಆಡಿದರೆ ನೋಡುವವರೆಲ್ಲ ಒಂದೇ ಸಭೆಯವರಲ್ಲ. ಆಡುವ ಹುಡುಗ ಹುಡುಗಿಯರು ತಾಲೀಮಿನ ಕೊನೆಯಲ್ಲಿ ಒಂದು ಕೆಲಸ ಮಾಡಬಹುದು. ಎಲ್ಲೆಲ್ಲಿ ನಗೆ ಬರುತ್ತದೋ ಅಲ್ಲೆಲ್ಲ ನಿಲ್ಲಿಸಿ, ಆ ನಗೆ ಯಾರ ಪಾಲಿನದೆಂದು ಕೇಳಿ, ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡಂತೆ ಭಾವಿಸಿ ಮತ್ತೊಮ್ಮೆ ಆಡಿ ನೋಡುವುದು. ಆಡಲಾಗದ ಜಾಗಗಳಲ್ಲಿ ಹೆಚ್ಚಿನ ಅಕ್ಕಿ ಇದೆ.

ಅದನ್ನು ಚೆಲ್ಲಿ ಬಂದ ಮೇಲೆ ನಗೆ ಸ್ವಲ್ಪ ಕಡಿಮೆಯಾಗಬಹುದು. ಮಾರಯ್ಯನ ಮನೆಯಲ್ಲಿಯೂ ಅಂದು ಅಕ್ಕಿ ಕಡಿಮೆಯೇ ಇತ್ತು. ಆದರೂ ಒಲೆ ಹತ್ತಿತು, ಅಡಿಗೆಯಾಯಿತು, ಬಂದವರು ಉಂಡರು.